ಹಳೇ ಡಿಸ್ಕಿನ ತಳದಲ್ಲಿ ಒಂದು ಹಿಡಿ

ನಮ್ಮೂರಿನಲ್ಲಿ ಕರೆಂಟು ಹೋದರೆ ಜನ ಮೊದಲು ಕಿವಿ ಮುಚ್ಚಿಕೊಳ್ಳುತ್ತಾರೆ, ಆಮೇಲೆ ಮೇಣದಬತ್ತಿ ಹುಡುಕುತ್ತಾರೆ. ಅದು ಮರ್ಯಾದೆ. ಫ್ಯಾನು ಗಾಳಿ ಬೀಸುವಷ್ಟು ಹೊತ್ತೂ ಬಾಯಿ ಬಿಡುವುದಿಲ್ಲ. ಕೆಳಗೆ ಕೂತವರು ಆಡಿದ್ದನ್ನೆಲ್ಲ ತನ್ನ ಪಾಡಿಗೆ ಸುತ್ತಿಕೊಳ್ಳುತ್ತಿರುತ್ತದೆ. ಕರೆಂಟು ಹೋಗಿ, ಕೆಲಸ ತಪ್ಪಿ, ಬರಿದೇ ತಿರುಗುತ್ತ ನಿಲ್ಲುವ ಆ ಕೊನೆಯ ಸುತ್ತುಗಳಲ್ಲಿ ಸುತ್ತಿಕೊಂಡದ್ದನ್ನು ಬಿಚ್ಚುತ್ತದೆ. ಬಿಚ್ಚುವಾಗ ಕಡೆಯದು ಮೊದಲು, ಆದರೆ ಒಂದೊಂದು ಮಾತುಕತೆಯೂ ತನ್ನ ಸಾಲು ತಪ್ಪದೆ. ಹೀಗಾಗಿ ನೆಂಟರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ಕರೆಂಟು ಹೋಯಿತೋ, "ಅಯ್ಯೋ, ಬಂದ್ರಲ್ಲಪ್ಪ ಮತ್ತೆ" ಎಂದು ಮನೆಯೊಡತಿಯ ದನಿಯಲ್ಲೇ ಫ್ಯಾನು ಸ್ವಾಗತ ಕೋರುತ್ತದೆ. ಬೇರೆ ಊರುಗಳಲ್ಲಿ ಗೋಡೆಗೂ ಕಿವಿ ಇರುತ್ತದಂತೆ. ನಮ್ಮಲ್ಲಿ ಗೋಡೆಗಳು ಪಾಪದವು, ಬಾಯಿ ಇರುವುದು ಗಾಲಿಗಳಿಗೆ.

ಇದಕ್ಕೆಲ್ಲ ನಾವು ಹೊಂದಿಕೊಂಡಿದ್ದೇವೆ. ದಾರ ಪೋಣಿಸದೆ ಹೊಲಿಗೆ ಮಿಷನ್ನನ್ನು ಯಾರೂ ತುಳಿಯುವುದಿಲ್ಲ. ಇಳಿಜಾರಿನಲ್ಲೂ ಸೈಕಲ್ಲಿನ ಬ್ರೇಕು ಹಿಡಿದು ಪೆಡಲು ತುಳಿಯುತ್ತಲೇ ಇಳಿಯುತ್ತೇವೆ, ಹೊರಗಿನವರು ನೋಡಿ ನಗುತ್ತಾರೆ. ಹೊಸದಾಗಿ ಮದುವೆಯಾದವರ ಕೋಣೆಯಿಂದ ಫ್ಯಾನು ಇಳಿಸಿ, ಕೈಗೊಂದು ಬೀಸಣಿಗೆ ಕೊಡುವುದು ನಮ್ಮ ಮದುವೆಯ ಕೊನೆಯ ಶಾಸ್ತ್ರ. ನಮ್ಮಮ್ಮನಂತೂ ರಾಗಿ ಬೀಸಿ ಏಳುವಾಗಲೆಲ್ಲ ಕಲ್ಲಿನ ಮೇಲೆ ಅಂಗೈಯಿಟ್ಟು ಒಂದೇ ಮಾತು ಹೇಳುತ್ತಿದ್ದಳು: "ಖಾಲಿ ಕಲ್ಲು ತಿರುಗಿಸ್ಬಾರ್ದು ಕಣೋ. ತಳದಲ್ಲಿ ಒಂದು ಹಿಡಿ ಬಿಟ್ಟೇ ಏಳ್ಬೇಕು." ಅಕ್ಕಿ ಡಬ್ಬದ ವಿಷಯದಲ್ಲೂ ಅವಳದು ಇದೇ ಕಾನೂನು. ಡಬ್ಬಕ್ಕೆ ಕಾರಣ ಲಕ್ಷ್ಮಿ. ಕಲ್ಲಿಗೆ ಕಾರಣ ಬೇರೆ: ಗಾಲಿ ಒಮ್ಮೆ ಬಿಚ್ಚಿದ ಮಾತನ್ನು ಎರಡನೇ ಸಲ ಹೇಳುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ನಮ್ಮೂರಿನಲ್ಲಿ ಮಾತು ಹೋಗುವುದು ಆಡಿದಾಗ ಅಲ್ಲ, ಗಾಲಿ ಅದನ್ನು ಹಿಂತಿರುಗಿಸಿದಾಗ.

ನನ್ನದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಮದುವೆ, ನಾಮಕರಣ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಹೀಗೆ ಊರಿನ ಸುಖದುಃಖವೆಲ್ಲ ನನ್ನ ಕಂಪ್ಯೂಟರಿನೊಳಗೆ ಹಾದೇ ಹೋಗಬೇಕು. ಕಾರ್ಡುಗಳು ಹಾರಿಹೋಗುತ್ತವೆಂದು ಅಂಗಡಿಗೆ ಫ್ಯಾನು ಹಾಕಿಸಿರಲಿಲ್ಲ. ಬೇಸಿಗೆಯಲ್ಲಿ ಬೆವರು ನೀರಾಗಿ ಇಳಿಯುತ್ತಿತ್ತು, ಆದರೂ ಊರಿಗೆ ಊರೇ ನಮ್ಮ ಬೆಂಚಿನ ಮೇಲೆ ಬಂದು ಕೂರುತ್ತಿತ್ತು. ಯಾಕೆಂದರೆ ಗಾಲಿಯಿಲ್ಲದ ಜಾಗ ಊರಿನಲ್ಲಿ ಇದೊಂದೇ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಮೇಲೆ ಹೊಟ್ಟೆ ಹಗುರ ಮಾಡಿಕೊಳ್ಳಲು ಬರುತ್ತಿದ್ದುದು ಇಲ್ಲಿಗೆ. ಪಾಲುಪಟ್ಟಿ, ಬಸುರಿನ ಸುದ್ದಿ, ಡಾಕ್ಟರು ಹೇಳಿದ್ದು, ಡಾಕ್ಟರಿಗೆ ಹೇಳದ್ದು, ಎಲ್ಲವೂ ಇಲ್ಲಿಯೇ. ಕಂಪ್ಯೂಟರಿನ ಬೆನ್ನಿಗೆ ಅಂಗೈಯಗಲದ ಒಂದು ಫ್ಯಾನು ಇದೆಯೆಂದು ಎಲ್ಲರಿಗೂ ಗೊತ್ತಿತ್ತು. ಆರಿಸಿದಾಗ ಅದರಿಂದ ಒಂದೆರಡು ಅಕ್ಷರ ಉದುರುತ್ತಿದ್ದವು, "…ದ್ರಂತೆ" ಎಂದೋ "…ಡ ಬಿಡಿ" ಎಂದೋ. ಅಷ್ಟಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಆ ಬೆಂಚಿನ ಪಕ್ಕದ ಸ್ಟೂಲಿನ ಮೇಲೆ ನನ್ನ ಹೆಂಡತಿ ಇಂದುಮತಿ ಕೂರುತ್ತಿದ್ದಳು. ಪ್ರೂಫು ನೋಡುವುದು ಅವಳ ಕೆಲಸ. ಗಿರಾಕಿ ಬರೆದುಕೊಟ್ಟದ್ದನ್ನು ಅವಳು ಗಟ್ಟಿಯಾಗಿ ಓದಬೇಕು, ನಾನು ಪರದೆಯ ಮೇಲೆ ಬೆರಳಿಟ್ಟು ಹೋಲಿಸಿಕೊಳ್ಳಬೇಕು. ಅವಳು ಚಿಹ್ನೆಗಳನ್ನೂ ಬಿಡದೆ ಓದುವವಳು. "ಶ್ರೀಮತಿ ಮತ್ತು ಶ್ರೀ ಶಿವನಂಜಪ್ಪನವರು ಮಾಡುವ ವಿಜ್ಞಾಪನೆಗಳು, ಪೂರ್ಣವಿರಾಮ. ನಮ್ಮ ಜ್ಯೇಷ್ಠ ಪುತ್ರಿ, ಅಲ್ಪವಿರಾಮ…" ಅವಳ ದನಿ ತೆಳುವಲ್ಲ, ಇಂಪೆಂದೂ ಹೇಳಲಾರೆ. ತುಂಬಿದ ಕೊಡವನ್ನು ನೆಲಕ್ಕಿಟ್ಟಾಗ ಬರುತ್ತದಲ್ಲ, ಅಂಥ ದನಿ. ಒಂದು ಕಾರ್ಡು ಮುಗಿದ ಕೂಡಲೇ "ಪೂರ್ಣವಿರಾಮ, ಮುಂದಿನ ಗಂಡು ಯಾರ್ರೀ?" ಅನ್ನುತ್ತಿದ್ದಳು. ಬೆಂಚಿನವರು ಗೊಳ್ಳೆಂದು ನಗುತ್ತಿದ್ದರು.

ಮಗಳು ಮೈತ್ರಿ ಹುಟ್ಟಿದ ವರ್ಷ ಆ ದನಿ ಒಡೆಯತೊಡಗಿತು. ಗಂಟಲಿನಲ್ಲಿ ಗಡ್ಡೆ. ದೊಡ್ಡ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಅಂದಿನಿಂದ ಅವಳ ಮಾತೆಲ್ಲ ಒಂದು ಕೈಯಗಲದ ಸ್ಲೇಟಿನ ಮೇಲೆ. ಮೈತ್ರಿ ಈಗ ಎಂಟನೇ ಕ್ಲಾಸು. ಅಮ್ಮನ ದನಿಯನ್ನು ಅವಳು ಕೇಳಿದ್ದಳು, ಆದರೆ ಹಾಲು ಕುಡಿಯುವ ಕೂಸಿಗೆ ಏನು ನೆನಪಿರುತ್ತದೆ? "ಅಪ್ಪ, ಅಮ್ಮ ಮಾತಾಡಿದ್ರೆ ಯಾರ ಥರ ಇರ್ತಿತ್ತು?" ಎಂದು ಚಿಕ್ಕವಳಿದ್ದಾಗ ಕೇಳುತ್ತಿದ್ದಳು. ಒಂದು ದಿನ ಕೇಳುವುದನ್ನು ಬಿಟ್ಟಳು. ಕೇಳುತ್ತಿದ್ದುದಕ್ಕಿಂತ ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಆ ದನಿಗಾಗಿ ನಾನು ಹುಡುಕದ ಗಾಲಿಯಿಲ್ಲ. ಕೋಣೆಯಲ್ಲಿ ಫ್ಯಾನಿರಲಿಲ್ಲ, ನಾವೂ ಎಲ್ಲರಂತೆ ಬೀಸಣಿಗೆಯವರು. ಹಿಟ್ಟು ಮಿಲ್ಲಿನಿಂದ ಬರುತ್ತಿತ್ತು, ರಾಗಿಕಲ್ಲಿನಲ್ಲಿ ಇದ್ದುದು ಅಮ್ಮನ ಗೊಣಗಾಟ ಮಾತ್ರ. ಕೊನೆಗೆ ನನ್ನ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರ ತಿರುಗಿಸಿದೆ. ಪಂಕ್ಚರಿನವನು, ಹಾಲಿನವನು, ದಾರಿಯಲ್ಲಿ ಸಿಕ್ಕಿದವರು ಎಲ್ಲ ಮಾತಾಡಿ ಮುಗಿಸಿದ ಮೇಲೆ, ತೀರಾ ತಳದಿಂದ "ನಿಧಾನ ಕಣ್ರೀ" ಎಂದಿತು. ಅಷ್ಟೇ. ಹೊಸದರಲ್ಲಿ ಅವಳನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಹೋದಾಗಿನದು. ಎಷ್ಟು ಜೋಪಾನವಾಗಿ ಬದುಕಿದೆವೆಂದರೆ, ನಮ್ಮದೆಂದು ಎಲ್ಲಿಯೂ ಏನೂ ಉಳಿಯದ ಹಾಗೆ ಬದುಕಿಬಿಟ್ಟಿದ್ದೆವು.

ಇನ್ನು ಕಂಪ್ಯೂಟರಿನ ಕಥೆಗೆ ಬರುತ್ತೇನೆ. ಅದಕ್ಕೆ ವಯಸ್ಸಾಗಿತ್ತು. ಬೆಳಿಗ್ಗೆ ಸ್ವಿಚ್ಚು ಒತ್ತಿ, ಎದುರಿನ ಹಾಲಪ್ಪನ ಹೋಟೆಲಿಗೆ ಹೋಗಿ, ಇಡ್ಲಿ ತಿಂದು, ಕಾಫಿ ಕುಡಿದು, ಹಾಲಪ್ಪನ ಮಂಡಿನೋವಿನ ವಿವರ ಕೇಳಿ ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಕಂಪ್ಯೂಟರಿನ ಡಬ್ಬದ ಮುಂದೆ, ಒಳಗೆ ಕೆಲಸ ನಡೆದಿದೆಯೆಂದು ತೋರಿಸುವ ಕೆಂಪು ದೀಪ ಸಂಜೆಯವರೆಗೂ ಉಸಿರು ತೆಗೆದುಕೊಳ್ಳದೆ ಉರಿಯುತ್ತಿತ್ತು. ಒಂದು ಫೋಟೋ ತೆರೆಯಬೇಕಾದರೆ ಗರಗರ ಸದ್ದು. ಲಗ್ನದ ಕಾಲದಲ್ಲಿ ಕಾದು ಕಾದು ಬೇಸತ್ತ ಗಿರಾಕಿಗಳು ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗತೊಡಗಿದರು. ಇಂದುಮತಿ ಸ್ಲೇಟಿನ ಮೇಲೆ ಬರೆದಳು: "ಮುಂದಿನ ಗಂಡು ಯಾರೂ ಇಲ್ಲ."

ಅದಕ್ಕೇ ಲೋಬೋ ಅವರನ್ನು ಕರೆಸಿದ್ದು. ಅವರು ಹೊರಗಿನವರು, ಕರಾವಳಿ ಕಡೆಯ ಮಾತು. ಡಬ್ಬದ ಪಕ್ಕೆ ಬಿಚ್ಚಿ, ಧೂಳು ಊದಿ, "ಮಿಷನ್ನಿಗೆ ಎಂತ ಸಾ ಆಗಲಿಲ್ಲ ಮಾರ್ರೆ, ಡಿಸ್ಕ್ ಒಂದು ಸೋತಿದೆ. ಇದರ ಒಟ್ಟಿಗೆ ಹೊಸ ನಮೂನೆಯ ಡಿಸ್ಕ್, ಒಂದು ಎಸ್‌ಎಸ್‌ಡಿ ಹಾಕುವ," ಎಂದರು. ಚೀಲದಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಬಿಲ್ಲೆಯಂಥ ಒಂದು ವಸ್ತು ತೆಗೆದರು. ನಾನು ಕೈಯಲ್ಲಿ ಹಿಡಿದು ನೋಡಿದೆ. ತೂಕವೇ ಇಲ್ಲ, ಅಲ್ಲಾಡಿಸಿದರೆ ಸದ್ದೂ ಇಲ್ಲ. ಡಬ್ಬದೊಳಗೆ ಖಾಲಿಯಿದ್ದ ಒಂದು ಜಾಗಕ್ಕೆ ಕೇಬಲು ಸಿಕ್ಕಿಸಿ, ಅದನ್ನು ಹಳೇ ಡಿಸ್ಕಿನ ಪಕ್ಕದಲ್ಲೇ ಕೂರಿಸಿದರು. ಕಂಪ್ಯೂಟರು ಏಳಲು ಬೇಕಾದದ್ದು, ನನ್ನ ಅಕ್ಷರದ ಫಾಂಟುಗಳು, ದಿನದ ಕೆಲಸ, ಎಲ್ಲವೂ ಹೊಸದಕ್ಕೆ. ಹಳೆಯ ಕಾರ್ಡು, ಫೋಟೋಗಳು ಹಳೆಯದರಲ್ಲೇ ಇರಲಿ, ಬೇಕಾದಾಗ ತೆಗೆದರಾಯಿತು, ಎಂದರು. ಮುದುಕನಿಗೆ ಪಿಂಚಣಿ ಕೊಟ್ಟು ಜಗುಲಿಯಲ್ಲಿ ಕೂರಿಸಿದ ಹಾಗೆ.

ಹಳೆಯದರಿಂದ ಹೊಸದಕ್ಕೆ ನಕಲಾಗಲು ಮಧ್ಯಾಹ್ನವೆಲ್ಲ ಹಿಡಿಯಿತು. ಹಾಲಪ್ಪ ನಡುವೆ ಕಾಫಿ ತಂದವನು ಲೋಬೋ ಕೈ ಕಟ್ಟಿ ಕೂತದ್ದನ್ನು ಕಂಡು, ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಅದನ್ನು ಈಗಲೇ ಹೇಳುವುದಿಲ್ಲ, ಒಂದು ನಿಮಿಷದಲ್ಲಿ ನಿಮಗೇ ತಿಳಿಯುತ್ತದೆ. ಕೊನೆಗೆ ಲೋಬೋ, "ಈಗ ನೋಡಿ," ಎಂದು ಆರಿಸಿ ಮತ್ತೆ ಒತ್ತಿದರು. ನಾನು ಅಭ್ಯಾಸಬಲದಿಂದ ಚಪ್ಪಲಿ ಮೆಟ್ಟಿ ಹೋಟೆಲಿನ ಕಡೆ ಹೊರಟಿದ್ದೆ. ಹೊಸಿಲು ದಾಟುವಷ್ಟರಲ್ಲಿ ಪರದೆ ಬೆಳಗಿ, ಕೆಲಸಕ್ಕೆ ಸಿದ್ಧವಾಗಿ ಕೂತಿತ್ತು. ಕೆಂಪು ದೀಪ ಒಮ್ಮೆ ಮಿನುಗಿ ಆರಿತು. ಅಷ್ಟು ವರ್ಷದಲ್ಲಿ ಆ ದೀಪ ಆರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಗ ಡಬ್ಬ ಮಾತಾಡಿತು. "ಆಗ್ಲಿಂದ ಬರೀ ನೋಡ್ತಾ ಕೂತವ್ನಲ್ಲೋ ಪರಮೇಶಿ, ಇವ್ನಿಗೆ ಕೆಲ್ಸ ಬರಾಕಿಲ್ಲ ಅನ್ಸುತ್ತೆ." ಹಾಲಪ್ಪನ ದನಿ. ಪಿಸುಮಾತು ಪಿಸುಮಾತಾಗಿಯೇ ಬಂದರೂ ಅಂಗಡಿಗೆಲ್ಲ ಕೇಳಿಸಿತು. ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ಹಾಲಪ್ಪ ಇಂಗು ತಿಂದ ಮಂಗನಂತಾದ. ಲೋಬೋ ಸುತ್ತಮುತ್ತ ನೋಡಿ, "ಎಂತ ಮಾರ್ರೆ ಇದು? ರೆಕಾರ್ಡಿಂಗಾ?" ಎಂದರು.  "ಆ ಹಳೇ ಡಿಸ್ಕಿನೊಳಗೆ ಏನಿದೆ?" ಎಂದು ಕೇಳಿದೆ. "ಎಂತ ಇರುವುದು, ಒಂದು ತಟ್ಟೆ. ಕರೆಂಟ್ ಇರುವಷ್ಟು ಹೊತ್ತು ಸುತ್ತುತ್ತಾ ಇರ್ತದೆ."

ತಟ್ಟೆ! ಸುತ್ತುವ ತಟ್ಟೆ! ಊರೆಲ್ಲ ಬಂದು ಎದೆ ಬಿಚ್ಚಿದ್ದು ಒಂದು ಗಾಲಿಯ ಮುಂದೆ. ಕಬ್ಬಿಣದ ಡಬ್ಬದೊಳಗೆ ಮುಚ್ಚಿಟ್ಟಿದ್ದರಿಂದ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಆರಿಸಿದಾಗ ಉದುರುತ್ತಿದ್ದ ಅಕ್ಷರಗಳು ಬೆನ್ನಿನ ಫ್ಯಾನಿನವಲ್ಲ, ಇದರವು. ಇಷ್ಟು ವರ್ಷ ಕಂಪ್ಯೂಟರಿನ ಭಾರವನ್ನೆಲ್ಲ ತಾನೊಂದೇ ಹೊತ್ತು, ಒಂದು ಗಳಿಗೆಯೂ ಬಿಡುವಿಲ್ಲದೆ ದುಡಿದದ್ದರಿಂದ ಅದು ಬಾಯಿ ಬಿಟ್ಟಿರಲಿಲ್ಲ. ಈಗ ಭಾರ ಹೊಸದರ ಹೆಗಲಿಗೆ ಹೋಯಿತು, ಮುದುಕ ಜಗುಲಿಯಲ್ಲಿ ಕೂತು ಹಳೆಯದನ್ನು ಹೇಳಲು ಶುರುಮಾಡಿದ. ಹಾಲಪ್ಪನ ಮಾತಿನ ಹಿಂದೆಯೇ ಡಬ್ಬದಿಂದ ತುಂಗಮ್ಮ ಟೀಚರ ದನಿ ಬಂತು, "ನಮ್ಮಣ್ಣನ ಸೊಸೆ ಇದಾಳಲ್ಲ…" ಇಂದುಮತಿ ಸ್ಟೂಲಿನಿಂದ ಜಿಗಿದು, ಮೌಸು ಹಿಡಿದು, ಹಳೇ ಡಿಸ್ಕಿನಲ್ಲಿದ್ದ ಯಾವುದೋ ಮದುವೆಯ ಫೋಟೋಗಳನ್ನೆಲ್ಲ ಒಟ್ಟಿಗೇ ತೆರೆದಳು. ಗರಗರ ಎಂದಿತು, ಕೆಂಪು ದೀಪ ಹತ್ತಿತು, ಮಾತು ನಿಂತಿತು. ಕಲ್ಲಿಗೆ ಒಂದು ಹಿಡಿ ರಾಗಿ ಸುರಿದ ಹಾಗೆ.

ಲೋಬೋ ಹೊರಡುವ ಮುನ್ನ ಹಳೇ ಡಿಸ್ಕಿಗೆ ಕಿವಿಯಿಟ್ಟು ನೋಡಿದರು. "ಟಿಕ್ ಟಿಕ್ ಹೇಳ್ತದೆ. ಹೆಚ್ಚು ದಿನ ಇಲ್ಲ ಇದು. ಬೇಡದಾಗ ಕೇಬಲ್ ತೆಗೆದಿಡಿ. ದೀಪ ಉರಿಯುವಾಗಲೇ ತೆಗೆದರೆ ನಿಮ್ಮ ಈ ಭೂತ ಮಾತಾಡ್ಲಿಕ್ಕಿಲ್ಲ," ಎಂದು ಕೇಬಲನ್ನು ನನ್ನ ಕೈಗೆ ಕೊಟ್ಟು ಬಸ್ಸಿಗೆ ಓಡಿದರು. ಬಾಗಿಲು ಹಾಕಿ ನಾನು ಇಂದುಮತಿಯ ಮುಖ ನೋಡಿದೆ. ಅವಳಿಗೂ ಹೊಳೆದಿತ್ತು. ಆ ತಟ್ಟೆಯ ತಳದಲ್ಲಿ ಅವಳಿದ್ದಳು. ಅಲ್ಪವಿರಾಮ, ಪೂರ್ಣವಿರಾಮಗಳ ಸಮೇತ ಇದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಅವಳು ಮಾತ್ರ ಅಳಲಿಲ್ಲ, ಸ್ಲೇಟಿನ ಮೇಲೆ ಬರೆದಳು: "ಕಡೆಯದು ಮೊದಲು."

ಅದೇ ಸಂಕಟ. ಅವಳ ದನಿ ಸಿಗಬೇಕಾದರೆ ಅದರ ಮೇಲೆ ಸುತ್ತಿಕೊಂಡ ಊರಿನ ಗುಟ್ಟುಗಳೆಲ್ಲ ಮೊದಲು ಬಿಚ್ಚಿಕೊಳ್ಳಬೇಕು. ಹಾಲಪ್ಪನ ಹೊಟ್ಟೆಯಲ್ಲಿ ಸುದ್ದಿ ನಿಲ್ಲುವುದುಂಟೆ? ಮಾರನೆಯ ದಿನ ಬೆಳಿಗ್ಗೆ ಅಂಗಡಿಯ ಮುಂದೆ ಜಾತ್ರೆ. ಎಂದೂ ನನ್ನ ಬೆಂಚಿಗೆ ಬಂದಿಲ್ಲವೆಂದು ಸಾಧಿಸುತ್ತಿದ್ದವರೂ ಬಂದಿದ್ದರು.

"ಒಂದು ಸುತ್ತಿಗೆ ಕೊಡು ಪರಮೇಶಿ, ಮುಗ್ಸಿಬಿಡನ," ಎಂದ ಹಾಲಪ್ಪ. "ನನ್ ಒಂದ್ ಮಾತಿಗೇ ಹಿಂಗಾಯ್ತು. ಅದರೊಳಗೆ ಇನ್ನೂ ಏನೇನು ಬಿದ್ದೈತೋ."

"ಹಾಲಪ್ಪ, ಇಂದು ದನಿ ಇದೆ ಅದರಲ್ಲಿ," ಎಂದೆ. "ನನ್ನ ಮಗಳಿಗೆ ಅದು ನೆನಪೇ ಇಲ್ಲ ಕಣೋ."

 ಹಾಲಪ್ಪ ಹೆಗಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. ಕಟುಕ ಮನುಷ್ಯನಲ್ಲ ಅವನು. "ಅಲ್ಲಪ್ಪ, ಅದು ನಮ್ಗೂ ಆಸೆನೇ. ಇಂದಕ್ಕನ ಮಾತು ಕೇಳಿದ್ರೆ ನಂಗೂ ಹೊಟ್ಟೆ ತಣ್ಣಗಾಗುತ್ತೆ. ಆದ್ರೆ ನನ್ ಮನೆ ಮುರ್ಕೊಂಡು ಕೇಳಕಾಗುತ್ತಾ, ನೀನೇ ಹೇಳು."  

ಇಂದುಮತಿ ಗುಂಪಿನ ನಡುವೆ ಬಂದು ಸ್ಲೇಟು ಎತ್ತಿ ಹಿಡಿದಳು. "ನಾನೊಬ್ಬಳೇ ಕೇಳುತ್ತೇನೆ. ಶಟರ್ ಹಾಕಿಕೊಂಡು. ಅವರೂ ಬೇಡ." ಅವರು ಎಂದರೆ ನಾನು. ಎಲ್ಲರೂ ಓದಿಕೊಂಡರು. ಗುಂಪಿನಲ್ಲಿ ಯಾರೋ, "ಬಾಯಿಲ್ಲ ಸರಿ, ಕೈ ಇದೆಯಲ್ಲ, ಬರೆದರೆ?" ಎಂದರು. ಕೇಳಿದವರಿಗೇ ನಾಚಿಕೆಯಾಗಿರಬೇಕು, ಮುಂದೆ ಬರಲಿಲ್ಲ. ಇಂದುಮತಿ ಸೆರಗಿನಿಂದ ಸ್ಲೇಟನ್ನು ಒರೆಸಿ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬಳಪವನ್ನೂ ಸೇರಿಸಿ, ಎದುರಿಗಿದ್ದ ತುಂಗಮ್ಮ ಟೀಚರ ಕೈಗೆ ಕೊಟ್ಟುಬಿಟ್ಟಳು. ಮುಗಿಯುವ ತನಕ ನಿಮ್ಮ ಹತ್ತಿರವೇ ಇರಲಿ ಎಂದು ಕೈಸನ್ನೆ ಮಾಡಿದಳು.

ತುಂಗಮ್ಮ ಟೀಚರು ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಇಂದುಮತಿಗೂ. ಸ್ಲೇಟನ್ನು ಎದೆಗೊತ್ತಿಕೊಂಡು, "ಇರೋದೊಂದು ನಾಲಿಗೆ, ಅದನ್ನೂ ನಮ್ಮ ಕೈಗೆ ಕೊಟ್ಟಳಲ್ಲೋ ಹುಡುಗಿ," ಎಂದು ಹಾಲಪ್ಪನ ಕಡೆ ತಿರುಗಿದರು. "ಇನ್ನೇನು ಬೇಕು ನಿನಗೆ? ಸುತ್ತಿಗೆ ತಗೊಂಡು ಹೋಗಿ ತೆಂಗಿನಕಾಯಿ ಒಡಿ, ಚಟ್ನಿಗೆ." ಅಲ್ಲಿಗೆ ತೀರ್ಮಾನವಾಯಿತು.

ಮುಂದಿನ ದಿನಗಳು ವಿಚಿತ್ರವಾಗಿದ್ದವು. ಮಧ್ಯಾಹ್ನದ ಊಟವಾದ ಮೇಲೆ ಅವಳು ಒಳಗೆ ಹೋಗಿ, ಶಟರ್ ಎಳೆದುಕೊಂಡು, ಹಳೇ ಡಿಸ್ಕಿಗೆ ಕೇಬಲು ಸಿಕ್ಕಿಸಿ ಕೇಳುತ್ತ ಕೂರುತ್ತಿದ್ದಳು. ನಾನು ಬೆಂಚನ್ನು ಬೀದಿಗೆ ಹಾಕಿಕೊಂಡು ಕಾವಲು ಕೂರುತ್ತಿದ್ದೆ. ಒಳಗಿಂದ ಗುಜುಗುಜು ಕೇಳಿಸುತ್ತಿತ್ತು. ಮಾತು ತಿಳಿಯಬಾರದೆಂದು ಹಾಲಪ್ಪ ತನ್ನ ಗ್ರೈಂಡರಿಗೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಹಾಕಿ ಬಿಡುವಿಲ್ಲದೆ ರುಬ್ಬುತ್ತಿದ್ದ. ಆ ದಿನಗಳಲ್ಲಿ ಊರಿಗೆಲ್ಲ ದೋಸೆಯೋ ದೋಸೆ. ಕೆಲವೊಮ್ಮೆ ಒಳಗಿಂದ ಅವಳು ನೆಲಕ್ಕೆ ಕಾಲು ಬಡಿಯುವ ಸದ್ದು ಬರುತ್ತಿತ್ತು. ಅದು ಅವಳು ಬಿದ್ದು ಬಿದ್ದು ನಗುವ ರೀತಿ. ಕೆಲವೊಮ್ಮೆ ಏನೂ ಬರುತ್ತಿರಲಿಲ್ಲ, ಹೊರಗೆ ಬಂದಾಗ ಕಣ್ಣು ಕೆಂಪಗಿರುತ್ತಿದ್ದವು. ಮನೆಯಲ್ಲಿ ಸ್ಲೇಟಿಲ್ಲ. ಉಪ್ಪು ಬೇಕೆಂದರೂ ಕೈಸನ್ನೆ. ಬೆಳ್ಳುಳ್ಳಿ ಸುಲಿಯುತ್ತ ಕೂತು ಥಟ್ಟನೆ ನಗುವಳು. ಏನೆಂದು ಕೇಳಿದರೆ ಬೆಳ್ಳುಳ್ಳಿ ತೋರಿಸುವಳು.

ಊರು ಮೊದಮೊದಲು ಅವಳ ಕಣ್ಣು ತಪ್ಪಿಸಿ ಓಡಾಡಿತು. ಆದರೆ ಅವಳು ಯಾರನ್ನೂ ಬೇರೆ ಥರ ನೋಡಲಿಲ್ಲ. ಒಂದು ಸಂಜೆ ಹೊರಗೆ ಬಂದವಳು ನೆಟ್ಟಗೆ ಹೋಟೆಲಿಗೆ ಹೋಗಿ, ಹಾಲಪ್ಪನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಒಮ್ಮೆ ಗಟ್ಟಿಯಾಗಿ ಅದುಮಿ ಬಿಟ್ಟು ಬಂದಳು. ಹಾಲಪ್ಪ ಗಲ್ಲಾದ ಹಿಂದೆ ಕೂತು ಮಗುವಿನಂತೆ ಅತ್ತ. ಯಾವ ಮಾತೋ ಏನೋ, ನನಗೆ ಇಂದಿಗೂ ಗೊತ್ತಿಲ್ಲ. ಆಮೇಲೆ ಅವನೇ, "ಒಬ್ಬರಿಗಾದ್ರೂ ಗೊತ್ತಾಯ್ತಲ್ಲ ಪರಮೇಶಿ, ಎದೆ ಮೇಲಿನ ಕಲ್ಲು ಇಳಿದಂಗಾಯ್ತು," ಎಂದ.

ಅಲ್ಲಿಂದ ಗಾಳಿ ತಿರುಗಿತು. ಆ ಬೆಂಚಿನ ಮೇಲೆ ಕೂತು ಮಾತಾಡಿದವರಲ್ಲಿ ಎಷ್ಟೋ ಜನ ಈಗಿಲ್ಲ. "ಇಂದಕ್ಕ, ನಮ್ಮಪ್ಪ ಬಂದ್ನಾ?" ಎಂದು ಒಬ್ಬರು, "ನಮ್ ಯಜಮಾನ್ರು ಏನಾರ ಅಂದ್ರಾ?" ಎಂದು ಇನ್ನೊಬ್ಬರು ಶಟರಿನ ಮುಂದೆ ಕಾಯತೊಡಗಿದರು. ಆಡಿದ ಮಾತನ್ನು ಅವಳು ಹೇಳಲಾರಳು, ಆದರೆ ಬಂದವರನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಸತ್ತ ಮುದುಕ ನಶ್ಯ ಏರಿಸುವ ಮುಂಚೆ ಎರಡು ಬೆರಳು ಕೊಡವುತ್ತಿದ್ದ ಬಗೆ, ಯಾರದೋ ಅಜ್ಜಿ ಸುಳ್ಳು ಹೇಳುವಾಗ ಮೂಗುತಿ ಮುಟ್ಟಿಕೊಳ್ಳುತ್ತಿದ್ದ ಬಗೆ, ದನಿ ಕೇಳಿ ನೆನಪಾದ ಇವನ್ನೆಲ್ಲ ಬೀದಿಯಲ್ಲೇ ನಿಂತು ಮಾಡಿ ತೋರಿಸುವಳು. ನೋಡಿದವರು ನಗುತ್ತ ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಎಲ್ಲರನ್ನೂ ಎಷ್ಟು ಮರೆತಿದ್ದೆವು ಎಂದು ನನಗೆ ತಿಳಿದದ್ದು ಆಗ. ಆ ಅಂಗಡಿಯಲ್ಲಿ ಬೆವರು ಸುರಿಸುತ್ತ, ಕಂಪ್ಯೂಟರು ಏಳುವುದನ್ನು ಕಾಯುತ್ತ, ಒಬ್ಬರ ತೊಡೆಗೆ ಒಬ್ಬರು ತಾಗಿಸಿ ಕೂತ ಆ ಮಧ್ಯಾಹ್ನಗಳು! ಕಾಯುವುದು ಶಿಕ್ಷೆಯೆಂದುಕೊಂಡಿದ್ದೆ. ಮುಂದೆ ಹೊಸ ಎಸ್‌ಎಸ್‌ಡಿಯಲ್ಲಿ ಗಿರಾಕಿ ಕೂರುವ ಮೊದಲೇ ಕೆಲಸ ಮುಗಿಯುತ್ತದೆ. ಅವನು ಯಾಕೆ ಕೂರುತ್ತಾನೆ, ಏನು ಮಾತಾಡುತ್ತಾನೆ?

ಈ ನಡುವೆ ಡಿಸ್ಕಿನ ಟಿಕ್ ಟಿಕ್ ಜೋರಾಗುತ್ತಿತ್ತು. ಶಟರಿನ ಹೊರಗೂ ಕೇಳಿಸುತ್ತಿತ್ತು. ಅವಳನ್ನು ತಲುಪುವ ಮೊದಲೇ ನಿಂತುಹೋದರೆ? ಪ್ರತಿ ಟಿಕ್ಕಿಗೂ ನಾನು ಬೆಂಚಿನಿಂದ ಎದ್ದು ಮತ್ತೆ ಕೂರುತ್ತಿದ್ದೆ. ಮೈತ್ರಿ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಬೆಂಚಿನ ಮೇಲೆ ನನ್ನ ಪಕ್ಕ ಕೂತು, "ಇನ್ನೂ ಇಲ್ವಾ ಅಪ್ಪ?" ಅನ್ನುತ್ತಿದ್ದಳು.

ಕೊನೆಗೊಂದು ಸಂಜೆ ಶಟರನ್ನು ಒಳಗಿಂದ ಬಡಿದ ಸದ್ದಾಯಿತು. ಅರ್ಧ ಎತ್ತಿ ನುಗ್ಗಿದೆವು. ತನ್ನ ಸರದಿ ಬಂತೆಂದು ಗೊತ್ತಾದ ಕೂಡಲೇ ಅವಳು ಹಳೇ ಡಿಸ್ಕಿಗೆ ಕೆಲಸ ಕೊಟ್ಟು ಮಾತು ನಿಲ್ಲಿಸಿ, ನಮಗಾಗಿ ಕಾದಿದ್ದಳು. ತುಂಗಮ್ಮ ಟೀಚರು ಎಲ್ಲಿದ್ದರೋ, ಸೀರೆಯ ನೆರಿಗೆ ಹಿಡಿದು ಓಡಿಬಂದು ಸ್ಲೇಟನ್ನೂ ಬಳಪವನ್ನೂ ಅವಳ ಮಡಿಲಿಗೆ ಹಾಕಿದರು. ಎದುರುಗಡೆ ಹಾಲಪ್ಪ ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಗ್ರೈಂಡರು ನಿಲ್ಲಿಸಿದ. ಬೀದಿಯಲ್ಲಿ ಜನ ನಿಂತರು. ನಮ್ಮೂರಿನ ಮರ್ಯಾದೆಯಂತೆ ಕಿವಿ ಮುಚ್ಚಿಕೊಳ್ಳಬೇಕಿತ್ತು, ಯಾರೂ ಮುಚ್ಚಿಕೊಳ್ಳಲಿಲ್ಲ. ಇಂದುಮತಿ ತೆರೆದಿದ್ದ ಫೋಟೋಗಳನ್ನೆಲ್ಲ ಮುಚ್ಚಿದಳು. ಕೆಂಪು ದೀಪ ಆರಿತು.

ಮೊದಲು ಬಂದದ್ದು ಒಡೆದ ಗಂಟಲಿನ ಗೊರಗೊರ. "ನೀರು… ಕೊಡ್ರೀ…" ಆಸ್ಪತ್ರೆಗೆ ಹೊರಟ ದಿನದ್ದು. ಮೈತ್ರಿ ನನ್ನ ತೋಳು ಹಿಡಿದುಕೊಂಡಳು. ಇದೇನಾ, ಎಂಬಂತೆ ನನ್ನ ಮುಖ ನೋಡಿದಳು. ತಡಿ, ಎಂದೆ. ಕಡೆಯದು ಮೊದಲು ಎಂಬ ಕಾನೂನು ಅವತ್ತು ನಮ್ಮ ಪಾಲಿಗೆ ಕರುಣೆಯಾಯಿತು. ಹಿಂದೆ ಹಿಂದೆ ಹೋದ ಹಾಗೆ ದನಿ ವಾಸಿಯಾಗುತ್ತ ಬಂತು. ಗೊರಗೊರ ಕರಗಿತು, ಬಿರುಕು ಮುಚ್ಚಿತು. ಒಂದು ಗಳಿಗೆಯಲ್ಲಿ, ತುಂಬಿದ ಕೊಡ ಇಳಿಸಿದ ಹಾಗೆ, ಅವಳು ಇಡಿಯಾಗಿ ಅಂಗಡಿಯಲ್ಲಿದ್ದಳು. "ಪೂರ್ಣವಿರಾಮ! ಮುಂದಿನ ಗಂಡು ಯಾರ್ರೀ?" ಬೀದಿಯಲ್ಲಿ ನಿಂತವರೆಲ್ಲ, ಅಂದು ಬೆಂಚಿನ ಮೇಲಿದ್ದವರು ನಗುತ್ತಿದ್ದ ಹಾಗೆಯೇ, ಗೊಳ್ಳೆಂದರು.

ಮೈತ್ರಿ ನಗಲಿಲ್ಲ, ಡಬ್ಬಕ್ಕೆ ಕಿವಿಗೊಟ್ಟು ಕೇಳುತ್ತಿದ್ದಳು. ದನಿ ಇನ್ನೂ ಹಿಂದಕ್ಕೆ ಹೋಯಿತು. ಈಗ ಆ ದನಿಯ ಇಂದುಮತಿ ಬಸುರಿ. ಯಾರದೋ ಗೃಹಪ್ರವೇಶದ ಪತ್ರಿಕೆ ಓದುತ್ತ ನಡುವೆ ನಿಲ್ಲಿಸಿ, "ಅಮ್ಮಾ! ರೀ, ಇಲ್ಲಿ ಕೈ ಇಡಿ. ಪ್ರೂಫು ಓದಿದ್ರೆ ಸಾಕು ಒದೀತಾಳೆ. ತಪ್ಪು ಹಿಡಿಯೋಳು ಹೊಟ್ಟೇಲೇ ಇದಾಳೆ ನೋಡಿ," ಎಂದಳು. "ಹೆಣ್ಣು ಅಂತ ಯಾರು ಹೇಳಿದ್ರು?" ಅದು ನನ್ನ ದನಿ, ಎಳಸು ಎಳಸು. "ನಾನು ಹೇಳ್ದೆ. ಸಾಲ್ದಾ?" ಮೈತ್ರಿ ಅಮ್ಮನ ಕೊರಳಿಗೆ ಜೋತುಬಿದ್ದು, ಕೊಯ್ದ ಗುರುತಿದ್ದ ಆ ಗಂಟಲಿಗೆ ಕೆನ್ನೆಯಿಟ್ಟು ಅತ್ತಳು. ನಾನೂ ಅತ್ತೆ. ಹಾಲಪ್ಪ ಅಳುತ್ತಿದ್ದುದು ಬೀದಿಯಾಚೆಯಿಂದ ಕೇಳಿಸುತ್ತಿತ್ತು.

ಟಿಕ್ ಟಿಕ್ ಈಗ ಮಾತಿನ ನಡುನಡುವೆ ಬರುತ್ತಿತ್ತು. ಇನ್ನೂ ಹಿಂದೆ ನಮ್ಮ ಮದುವೆಯ ಹೊಸತಿನ ದಿನಗಳಿದ್ದವು, ನಾವಿಬ್ಬರೇ ಅಂಗಡಿಯಲ್ಲಿ ಕೂತು ಆಡಿದ್ದೆಲ್ಲ ಇತ್ತು. ಅಷ್ಟನ್ನೂ ಕೇಳಿಬಿಡಬೇಕೆಂದು ನಾನು ಡಬ್ಬದ ಕಡೆ ಬಾಗಿದ್ದೆ. "ನಮ್ಮ ದ್ವಿತೀಯ ಪುತ್ರಿ ಚಿರಂಜೀವಿ ಸೌಭಾಗ್ಯವತಿ ಪಂಕಜಾಕ್ಷಿಯ ವಿವಾಹವನ್ನು, ಅಲ್ಪವಿರಾಮ…" ಅಲ್ಲಿಗೆ ಇಂದುಮತಿ ಕೈ ಚಾಚಿ ಫೋಟೋಗಳನ್ನು ತೆರೆದಳು. ಗರಗರ ಎಂದು ಕೆಂಪು ದೀಪ ಹತ್ತಿತು. ಅದು ಉರಿಯುತ್ತಿರುವಾಗಲೇ ಕೇಬಲನ್ನು ಎಳೆದು ತೆಗೆದಳು.

 ಹೊಸ ಬಿಲ್ಲೆ ತನ್ನ ಪಾಡಿಗೆ, ಸದ್ದಿಲ್ಲದೆ, ಪರದೆಯನ್ನು ಬೆಳಗಿಸಿಕೊಂಡಿತ್ತು. "ಇಂದೂ, ಇನ್ನೂ ಇತ್ತಲ್ಲೇ!" ಎಂದೆ. ನನ್ನ ದನಿ ನನಗೇ ಜಗಳದಂತೆ ಕೇಳಿಸಿತು. "ಆ ಡಿಸ್ಕು ಮತ್ತೆ ತಿರುಗುತ್ತೋ ಇಲ್ವೋ ಯಾರಿಗ್ಗೊತ್ತು?" ಮೈತ್ರಿಯೂ, "ಯಾಕಮ್ಮ ನಿಲ್ಲಿಸ್ದೆ?" ಎಂದಳು.

ಅವಳು ಹಳೇ ಡಿಸ್ಕಿನ ಮೇಲೆ, ರಾಗಿಕಲ್ಲಿನ ಮೇಲೆ ನಮ್ಮಮ್ಮ ಇಡುತ್ತಿದ್ದ ಹಾಗೆ, ಒಂದು ಗಳಿಗೆ ಅಂಗೈ ಇಟ್ಟಳು. ಆಮೇಲೆ ಮಡಿಲಿನಲ್ಲಿದ್ದ ಸ್ಲೇಟನ್ನು ಎತ್ತಿಕೊಂಡು, ಅಷ್ಟು ದಿನದ ಮೇಲೆ ಬಳಪ ಹಿಡಿದು, ಒಂದೇ ಒಂದು ಅಲ್ಪವಿರಾಮ ಬರೆದು ನನ್ನ ಕೈಗೆ ಕೊಟ್ಟು, ಕಾಫಿಗೆ ನೀರಿಡಲು ಹೋದಳು.